ತೂಕಕ್ಕೆ ಹಾಕುವ ಮೊದಲು

ಕೊಚ್ಚಿಯ ಮಟ್ಟಾಂಚೇರಿಯಲ್ಲೋ ತಮಿಳುನಾಡಿನ ಕಾರೈಕುಡಿಯಲ್ಲೋ ಇರುವಂತೆ ಹಳೇ ವಸ್ತುಗಳದ್ದೇ ಒಂದು ಬೀದಿ ಚಿಕ್ಕಮಗಳೂರು ಸೀಮೆಯ ವಸ್ತಾರೆಯ ಕಡೆ ಇಲ್ಲ. ಆದರೆ ಅಂಥ ಬೀದಿಗಳಿಗೆ ಹೋಗಿ ಸೇರುವ ಸಾಮಾನು ವಸ್ತಾರೆ, ಆಲ್ದೂರು, ಮೂಡಿಗೆರೆ, ಕಳಸದ ಹಳೇ ಮನೆಗಳ ಅಟ್ಟದಲ್ಲಿ ಇನ್ನೂ ಇದೆ. ಹಬ್ಬಕ್ಕೋ ಮದುವೆಗೋ ನೆಂಟರ ಮನೆಗೆ ಬಂದವರು ಒಂದೆರಡು ದಿನ ಹೆಚ್ಚು ಉಳಿದರೆ ನೋಡುವುದಕ್ಕೆ, ಕೊಳ್ಳುವುದಕ್ಕೆ ಬೇಕಾದಷ್ಟು ಸಿಗುತ್ತದೆ.

ಮೊದಲು ಈ ಸಾಮಾನು ಸಾಗುವ ದಾರಿ ಗೊತ್ತಿರಬೇಕು. ಮನೆ ರಿಪೇರಿಗೋ ಅಣ್ಣತಮ್ಮಂದಿರ ಪಾಲಿಗೋ ಬಂದಾಗ ಅಟ್ಟ ಖಾಲಿಯಾಗುತ್ತದೆ. ಊರೂರು ಸುತ್ತುವ ಗುಜರಿಯವರು ಕೆಜಿ ಲೆಕ್ಕದಲ್ಲಿ ತೂಗಿ ಒಯ್ಯುತ್ತಾರೆ. ಪೇಟೆಯ ಗುಜರಿ ಅಂಗಡಿಯಲ್ಲಿ ತಾಮ್ರ, ಹಿತ್ತಾಳೆ, ಕಬ್ಬಿಣ ಬೇರೆ ಬೇರೆ ರಾಶಿಯಾಗುತ್ತವೆ. ಅಲ್ಲಿಂದ ಹೆಚ್ಚಿನದು ಕರಗಿಸುವ ಕುಲುಮೆಗೆ. ಬಲ್ಲವರ ಕಣ್ಣಿಗೆ ಬಿದ್ದದ್ದು ಮಾತ್ರ ಬೆಂಗಳೂರಿಗೋ ಕೊಚ್ಚಿಗೋ ಹೋಗಿ, ತೂಕದ ಲೆಕ್ಕ ಬಿಟ್ಟು ಪೀಸಿನ ಲೆಕ್ಕಕ್ಕೆ ಬರುತ್ತದೆ. ಒಂದೊಂದು ಕೈ ದಾಟಿದಂತೆ ಬೆಲೆ ಏರುತ್ತದೆ, ಅದು ಯಾರ ಮನೆಯದು, ಯಾತಕ್ಕೆ ಬಳಸುತ್ತಿದ್ದರು ಎಂಬ ಮಾಹಿತಿ ಮಾತ್ರ ಕಳಚಿಹೋಗುತ್ತದೆ. ಆದ್ದರಿಂದ ಈ ದಾರಿಯ ಮೊದಲ ತುದಿಯಲ್ಲೇ ನೋಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಮೊದಲ ತುದಿ ಎಂದರೆ ನೆಂಟರ ಮನೆಯೇ. ‘ಅತ್ತೆ, ಅಟ್ಟದಲ್ಲಿ ಏನೇನಿದೆ, ನೋಡಲಾ?’ ಎಂದು ಕೇಳಿ. ‘ಎಂಥದೂ ಇಲ್ಲ ಮಾರಾಯ್ತಿ, ಆ ಹಂಡೆ ಒಂದು ಬಿದ್ದಿದೆ’ ಎಂಬ ಉತ್ತರ ಬರುತ್ತದೆ. ಹತ್ತಿ ನೋಡಿದರೆ ಒತ್ತು ಶಾವಿಗೆಯ ಒರಳು, ಸೇರು, ಪಾವು, ಉಪ್ಪಿನಕಾಯಿ ಭರಣಿ, ಮರದ ಮರಿಗೆ, ಚೆನ್ನೆಮಣೆ ಸಿಗುತ್ತವೆ. ಕೊಳ್ಳುವ ಮಾತು ಆಮೇಲೆ. ಮೊದಲು ಫೋಟೊ ತೆಗೆದು, ಯಾರ ಕಾಲದ್ದೆಂದು ಹಿರಿಯರನ್ನು ಕೇಳಿ ಚೀಟಿಯಲ್ಲಿ ಬರೆದು ಕಟ್ಟಿಡಿ. ಮಾರುವುದೇ ಆದರೆ ನಮಗೆ ಮೊದಲು ಹೇಳಿ ಎಂದು ಬಾಯಿಬಿಟ್ಟು ಹೇಳಿ ಬನ್ನಿ. ಪಾಲಿನ ವಿಷಯವಿದ್ದರೆ ಎಲ್ಲರೂ ಒಪ್ಪುವವರೆಗೆ ಕೈಹಾಕಬೇಡಿ.

ಎರಡನೆಯದು ಪೇಟೆಯ ಪಾತ್ರೆ ಅಂಗಡಿ. ಹಳೇ ಹಿತ್ತಾಳೆ ತೂಗಿಸಿ ಹೊಸ ಸ್ಟೀಲು ಒಯ್ಯುವ ಪದ್ಧತಿ ಎಲ್ಲ ಊರಲ್ಲೂ ಇದೆ. ಹೀಗೆ ಬಂದ ಪಾತ್ರೆಗಳು ಅಂಗಡಿಯ ಹಿಂದಿನ ಕೋಣೆಯಲ್ಲಿ ಮೂಟೆ ಕಟ್ಟಿಕೊಂಡು ಕೂತಿರುತ್ತವೆ. ಹಳೇದು ನೋಡಬಹುದಾ ಎಂದು ವಿನಯದಿಂದ ಕೇಳಿದರೆ, ತೂಕದ ಬೆಲೆಯ ಮೇಲೆ ಒಂದಿಷ್ಟು ಸೇರಿಸಿ ಕೊಡುವವರಿದ್ದಾರೆ. ಆ ದಿನದ ಹಿತ್ತಾಳೆ ದರ ವಿಚಾರಿಸಿಕೊಂಡು ಹೋದರೆ ಚೌಕಾಸಿಗೆ ಅನುಕೂಲ.

ಪಾತ್ರೆ ಕೈಗೆತ್ತಿಕೊಂಡರೆ ಮೊದಲು ಕಂಠದ ಹೊರಗೋ ತಳದಲ್ಲೋ ನೋಡಿ. ಉಳಿಯ ಮೊನೆಯಿಂದ ಚುಕ್ಕಿ ಚುಕ್ಕಿಯಾಗಿ ಹೊಡೆದ ಅಕ್ಷರಗಳು ಕಾಣಬಹುದು: ಮನೆತನದ ಇನಿಶಿಯಲ್ಲು, ಮದುವೆಗೆ ಮುಯ್ಯಿ ಮಾಡಿದವರ ಹೆಸರು, ಕೆಲವೊಮ್ಮೆ ಕನ್ನಡ ಅಂಕಿಯಲ್ಲಿ ಇಸವಿ. ಚುಕ್ಕಿಯ ಅಂಚು ಬೆರಳಿಗೆ ತಾಗದಷ್ಟು ಸವೆದಿದ್ದರೆ ಆ ಪಾತ್ರೆ ವರ್ಷಗಟ್ಟಲೆ ಹುಣಸೆಹಣ್ಣು, ಬೂದಿ ಕಂಡಿದೆ. ಎಷ್ಟೋ ಜನ ಈ ಹೆಸರನ್ನು ಉಜ್ಜಿಸಿ ತೆಗೆಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ, ಅದು ಆ ಪಾತ್ರೆಯ ಏಕೈಕ ದಾಖಲೆ. ಅಯಸ್ಕಾಂತ ಅಂಟಿದರೆ ಒಳಗೆ ಕಬ್ಬಿಣ, ಮೇಲೆ ಬರೀ ಲೇಪ. ತಾಮ್ರಕ್ಕೆ ತವರ ಸೇರಿದ ಕಂಚು ಬೆರಳಿನಿಂದ ತಟ್ಟಿದರೆ ಬಹಳ ಹೊತ್ತು ಗುಂಯ್ಗುಡುತ್ತದೆ. ಬಿರುಕಿದ್ದರೆ ಸದ್ದು ಒಡೆಯುತ್ತದೆ. ಅಡುಗೆಗೆ ಬಳಸುವುದಾದರೆ ತಾಮ್ರ, ಹಿತ್ತಾಳೆಗೆ ಕಲಾಯಿ ಹಾಕಿಸಲೇಬೇಕು. ಇಲ್ಲದಿದ್ದರೆ ಹುಳಿ ತಗುಲಿ ಲೋಹ ಸಾರಿಗೆ ಇಳಿಯುತ್ತದೆ. ಸೇರು, ಪಾವುಗಳ ಮೇಲೆ ತೂಕ ಅಳತೆಯ ಸರ್ಕಾರಿ ಮುದ್ರೆ ಇದ್ದರೆ ಅದನ್ನೂ ಗಮನಿಸಿ. 1960ರ ದಶಕದ ಆರಂಭದಲ್ಲಿ ಮೆಟ್ರಿಕ್ ಪದ್ಧತಿ ಕಡ್ಡಾಯವಾಗಿ ಅವು ಅಂಗಡಿಯಿಂದ ಅಟ್ಟ ಸೇರಿದವು.

ಕಾಫಿ ಸೀಮೆಯಲ್ಲಿ ನಾನು ಮೊದಲು ಹುಡುಕುವುದು ಕೈಯಲ್ಲಿ ತಿರುಗಿಸುವ ಕಾಫಿಪುಡಿ ಮಿಷನ್ನು. ಲಂಡನ್ನಿನ ಸ್ಪಾಂಗ್ ಕಂಪನಿಯದು ಎರಕದ ಕಬ್ಬಿಣದ್ದು, ಮೈಮೇಲೇ ಹೆಸರು ಉಬ್ಬಿಕೊಂಡಿರುತ್ತದೆ. ಬಣ್ಣ ಹೋದದ್ದು ದೊಡ್ಡ ವಿಷಯವಲ್ಲ; ಒಳಗಿನ ಹಲ್ಲು ಸವೆದಿದ್ದರೆ ಬಿಟ್ಟುಬಿಡಿ. ಒಂದು ಹಿಡಿ ಹುರಿದ ಬೀಜ ಜೊತೆಗೆ ಒಯ್ದು ತಿರುಗಿಸಿ ನೋಡಿ. ತಿರುಪು ಬಿಗಿ ಮಾಡಿದಾಗ ಪುಡಿ ನುಣ್ಣಗಾಗಿ, ಸಡಿಲಿಸಿದಾಗ ತರಿಯಾದರೆ ಮಿಷನ್ನಿಗೆ ಇನ್ನೂ ಆಯುಸ್ಸಿದೆ. ಮನೆಗೆ ತಂದ ಮೇಲೆ ಒಣ ಅಕ್ಕಿ ಒಂದೆರಡು ಸಲ ಬೀಸಿ ಚೆಲ್ಲಿದರೆ ಸಣ್ಣಪುಟ್ಟ ತುಕ್ಕು ಬಿಡುತ್ತದೆ. ಹಿತ್ತಾಳೆ ಕೊಳವೆಯ ಗ್ರಾಮಫೋನಿನ ಬಗ್ಗೆ ಮಾತ್ರ ಎಚ್ಚರ. ಎಚ್‌ಎಂವಿ ಚೀಟಿ ಅಂಟಿಸಿದ ಹೊಸ ನಕಲುಗಳು ದೇಶದ ಎಲ್ಲ ಹಳೇ ಸಾಮಾನಿನ ಅಂಗಡಿಗಳಲ್ಲೂ ತುಂಬಿವೆ.

ಮರದ ಸಾಮಾನಿನಲ್ಲಿ ಪಾಲಿಶ್ ಹಾಕಿದ ಮುಖ ನೋಡಿ ಮರುಳಾಗಬೇಡಿ. ಡ್ರಾಯರ್ ಎಳೆದು ಅಡಿ ನೋಡಿ. ಕುಟ್ಟೆ ತೂತಿನ ಕೆಳಗೆ ಹೊಸ ಹಿಟ್ಟು ಉದುರಿದ್ದರೆ ಹುಳು ಇನ್ನೂ ಜೀವಂತ. ಮಲೆನಾಡಿನ ಮಳೆಗಾಲದ ತೇವ ಕುಡಿದ ಪೆಟ್ಟಿಗೆಯನ್ನು ಒಣ ಊರಿಗೆ ಒಯ್ದರೆ ಮರ ಕುಗ್ಗಿ ಸಂದು ಬಿಡುತ್ತದೆ. ಬಿಸಿಲಿಗೆ ಇಡದೆ ನೆರಳಲ್ಲಿ ನಿಧಾನ ಒಣಗಿಸಬೇಕು. ಬಿಚ್ಚಿದ ಮನೆಯ ಕಂಬ, ಬಾಗಿಲು ಕೊಳ್ಳುವ ಆಸೆಯಿದ್ದರೆ ಮೊದಲು ಮಣಿಪಾಲಕ್ಕೆ ಹೋಗಿ, 2017ರಲ್ಲಿ ತೀರಿಕೊಂಡ ವಿಜಯನಾಥ ಶೆಣೈಯವರು ಕಟ್ಟಿದ ಹಸ್ತಶಿಲ್ಪ ಹಳ್ಳಿಯನ್ನು ನೋಡಿ. ಅವರು ಬಿಡಿಬಿಡಿಯಾಗಿ ಮಾರಾಟವಾಗಲಿದ್ದ ಮನೆಗಳನ್ನು ಇಡಿಯಾಗಿ ತಂದು ಮತ್ತೆ ನಿಲ್ಲಿಸಿದರು. ಒಂದು ಕಂಬ ತನ್ನ ಜಗುಲಿಯಲ್ಲಿ ಹೇಗೆ ನಿಲ್ಲುತ್ತಿತ್ತೆಂದು ಅಲ್ಲಿ ತಿಳಿಯುತ್ತದೆ.

ಕೆಲವನ್ನು ಯಾರು ಪುಕ್ಕಟೆ ಕೊಟ್ಟರೂ ತರಬಾರದು. ತೋಟದ ಮನೆಗಳ ಗೋಡೆಯ ಜಿಂಕೆ ಕೊಂಬು, ಕಾಟಿ ತಲೆ, ಹುಲಿ ಉಗುರಿನ ಪದಕ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬರುತ್ತವೆ. ಕೊಳ್ಳುವುದೂ ಮಾರುವುದೂ ಅಪರಾಧ. ಹಳೇ ಕೋವಿಗೆ ಪರವಾನಗಿ ಬೇಕು. ಮೂಡಿಗೆರೆ ತಾಲ್ಲೂಕಿನ ಅಂಗಡಿ ಎಂಬ ಊರು ಹೊಯ್ಸಳರ ಮೂಲಸ್ಥಾನ. ಇಂಥ ಸೀಮೆಯಲ್ಲಿ ಗದ್ದೆ ಬದುವಿನಲ್ಲೂ ವೀರಗಲ್ಲು ನಿಂತಿರುತ್ತದೆ, ಅದು ನಿಂತಲ್ಲೇ ಇರಬೇಕು. 1972ರ ಪುರಾತನ ವಸ್ತುಗಳ ಕಾಯ್ದೆಯಂತೆ ನೂರು ವರ್ಷ ದಾಟಿದ ಶಿಲ್ಪ, ಚಿತ್ರ, ನಾಣ್ಯ, ಕುಶಲ ವಸ್ತುಗಳು, 75 ವರ್ಷ ದಾಟಿದ ಮಹತ್ವದ ಹಸ್ತಪ್ರತಿಗಳು ಪುರಾತನ ವಸ್ತುಗಳೇ. ಅವುಗಳ ವ್ಯಾಪಾರಕ್ಕೆ ಲೈಸೆನ್ಸ್ ಬೇಕು, ಮೂರ್ತಿಯಂಥವನ್ನು ನೋಂದಾಯಿಸಬೇಕು, ಖಾಸಗಿಯವರು ಯಾವುದನ್ನೂ ದೇಶದಾಚೆ ಒಯ್ಯುವಂತಿಲ್ಲ.

ವಿದೇಶಕ್ಕೆ ಮರಳುವ ಮಕ್ಕಳಿಗೆ ಕಟ್ಟಿಕೊಡುವಾಗ ಈ ಕೊನೆಯ ಮಾತು ನೆನಪಿರಲಿ. ಹಳೆಯದಾಗಿ ಕಾಣುವ ಹಿತ್ತಾಳೆಗೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ‘ಪುರಾತನ ವಸ್ತುವಲ್ಲ’ ಎಂಬ ಪ್ರಮಾಣಪತ್ರ ಮೊದಲೇ ಪಡೆದಿದ್ದರೆ ವಿಮಾನ ನಿಲ್ದಾಣದಲ್ಲಿ ತೊಂದರೆಯಿಲ್ಲ. ಬೀಟೆ ಮರ 2017ರ ಜನವರಿಯಿಂದ, ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಯಲ್ಲಿದೆ. ಬೀಟೆಯ ಕುರ್ಚಿ, ಪೆಟ್ಟಿಗೆಯಂಥ ಭಾರದ ಸಾಮಾನನ್ನು ಹಡಗಿಗೆ ಹಾಕುವುದಾದರೆ ಅದಕ್ಕೆ ಬೇಕಾದ ಪರವಾನಗಿಯನ್ನು ಮೊದಲು ವಿಚಾರಿಸಿ, ಬೆಲೆ ಆಮೇಲೆ ಮಾತಾಡಿ.