ಕೋಚ್ ತಲೆದಂಡದ ಗಣಿತ

2015ರ ಫೆಬ್ರುವರಿ 4ರಂದು ಜರ್ಮನಿಯ ಬೊರುಸಿಯಾ ಡಾರ್ಟ್‌ಮಂಡ್ ಫುಟ್‌ಬಾಲ್ ತಂಡ ತವರಿನಲ್ಲೇ ಔಗ್ಸ್‌ಬರ್ಗ್ ಎದುರು 0–1ರಿಂದ ಸೋತಿತು. 18 ತಂಡಗಳ ಬುಂಡೆಸ್‌ಲಿಗಾ ಪಟ್ಟಿಯಲ್ಲಿ ಅದರ ಸ್ಥಾನ ಆಗ ಹದಿನೆಂಟನೆಯದು. ಸಿಟ್ಟಿಗೆದ್ದ ಅಭಿಮಾನಿಗಳನ್ನು ಸಮಾಧಾನಪಡಿಸಲು ಆಟಗಾರರೇ ಗ್ಯಾಲರಿಯ ಬೇಲಿ ಹತ್ತಬೇಕಾಯಿತು. ಕೋಚ್ ಯೂರ್ಗನ್ ಕ್ಲಾಪ್ ಸಾಮಾನ್ಯರಲ್ಲ. 2011 ಮತ್ತು 2012ರಲ್ಲಿ ಇದೇ ತಂಡಕ್ಕೆ ಲೀಗ್ ಪ್ರಶಸ್ತಿ ಗೆದ್ದುಕೊಟ್ಟವರು, 2013ರಲ್ಲಿ ಚಾಂಪಿಯನ್ಸ್ ಲೀಗ್ ಫೈನಲ್‌ಗೆ ಒಯ್ದವರು. ಹಳೆಯ ಉಪಕಾರ ನೆನೆದು ಅವರನ್ನು ಉಳಿಸಿಕೊಳ್ಳಬೇಕೆ, ಈಗಿನ ಸೋಲು ನೋಡಿ ಕಳಿಸಬೇಕೆ?

ಡಾರ್ಟ್‌ಮಂಡ್ ಉಳಿಸಿಕೊಂಡಿತು. ಮುಂದಿನ ನಾಲ್ಕು ಲೀಗ್ ಪಂದ್ಯಗಳನ್ನೂ ತಂಡ ಗೆದ್ದಿತು. ಋತುವಿನ ಮೊದಲ 17 ಪಂದ್ಯಗಳಲ್ಲಿ ಬಂದದ್ದು 15 ಅಂಕ; ಉಳಿದ 17ರಲ್ಲಿ 31. ಕೊನೆಗೆ ಏಳನೇ ಸ್ಥಾನ. ಆ ಫೆಬ್ರುವರಿಯಲ್ಲಿ ಕ್ಲಾಪ್ ಬದಲು ಬೇರೊಬ್ಬರು ಬಂದಿದ್ದು, ಇದೇ ಫಲಿತಾಂಶ ಸಿಕ್ಕಿದ್ದರೆ ಏನಾಗುತ್ತಿತ್ತು? ಹೊಸಬರು ಪವಾಡ ಮಾಡಿದರೆಂದು ಪತ್ರಿಕೆಗಳು ಬರೆಯುತ್ತಿದ್ದವು. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋದಾಗ ಕಾಗೆಯ ತೂಕವನ್ನು ಹೊಗಳುವುದು ಹೀಗೆಯೇ.

ಫುಟ್‌ಬಾಲ್‌ನಲ್ಲಿ ಈ ಭ್ರಮೆ ಸುಲಭವಾಗಿ ಹುಟ್ಟಲು ಕಾರಣ ಆಟದ ಸ್ವಭಾವದಲ್ಲೇ ಇದೆ. ಬ್ಯಾಸ್ಕೆಟ್‌ಬಾಲ್ ಪಂದ್ಯವೊಂದರಲ್ಲಿ ಹತ್ತಾರು ಬುಟ್ಟಿ ಬೀಳುತ್ತವೆ. ಉತ್ತಮ ತಂಡದ ಮೇಲುಗೈ ಅಂಕಪಟ್ಟಿಯಲ್ಲಿ ಕಾಣುವಷ್ಟು ಅವಕಾಶಗಳಿರುತ್ತವೆ. ಫುಟ್‌ಬಾಲ್‌ನ ದೊಡ್ಡ ಲೀಗ್‌ಗಳಲ್ಲಿ ಎರಡೂ ತಂಡ ಸೇರಿ ಹೊಡೆಯುವುದೇ ಪಂದ್ಯಕ್ಕೆ ಸುಮಾರು ಮೂರು ಗೋಲು. ಕಂಬಕ್ಕೆ ತಾಗಿ ಹೊರಹೋದ ಒಂದು ಚೆಂಡು, ರಕ್ಷಕನ ಕಾಲಿಗೆ ಬಡಿದು ದಿಕ್ಕು ತಪ್ಪಿದ ಇನ್ನೊಂದು ಚೆಂಡು ಸಾಕು, ಫಲಿತಾಂಶ ತಿರುವುಮುರುವಾಗುತ್ತದೆ.

ಒಂದು ಸಣ್ಣ ಲೆಕ್ಕ ಮಾಡೋಣ. ಸಾಧಾರಣವಾಗಿ ಚೆನ್ನಾಗಿಯೇ ಆಡುವ ತಂಡವೊಂದು ಯಾವುದೇ ಪಂದ್ಯದಲ್ಲಿ ಸೋಲುವ ಸಂಭವ ಶೇ 30 ಎಂದಿಟ್ಟುಕೊಳ್ಳಿ. ಆಟದ ಮಟ್ಟ ಇಡೀ ವರ್ಷ ಕೊಂಚವೂ ಕುಸಿಯದಿದ್ದರೂ, 38 ಪಂದ್ಯಗಳ ಋತುವಿನಲ್ಲಿ ಆ ತಂಡ ಎಲ್ಲೋ ಒಂದೆಡೆ ಸತತ ಐದು ಪಂದ್ಯ ಸೋಲುವ ಸಂಭವ ಹೆಚ್ಚುಕಡಿಮೆ ಶೇ 6. ಇಂಥವೇ 20 ತಂಡಗಳ ಲೀಗ್ ಇದ್ದರೆ, ಸರಾಸರಿ ವರ್ಷಕ್ಕೊಂದು ತಂಡ ಬರೀ ದುರದೃಷ್ಟದಿಂದಲೇ ಐದು ಸೋಲಿನ ಸರಣಿಗೆ ಸಿಕ್ಕಿಬೀಳುತ್ತದೆ. ಆ ತಂಡದ ಕೋಚ್ ಕೆಲಸ ಉಳಿಯುವುದು ಅನುಮಾನ.

ಸರಣಿ ಮುಗಿದ ಮೇಲೆ ಆಗುವುದೇನು? ದುರದೃಷ್ಟ ಹಾಗೆಯೇ ಮುಂದುವರಿಯಬೇಕೆಂಬ ನಿಯಮವಿಲ್ಲ. ತಂಡ ತನ್ನ ಎಂದಿನ ಮಟ್ಟಕ್ಕೆ ಬರುತ್ತದೆ. ಸಂಖ್ಯಾಶಾಸ್ತ್ರದಲ್ಲಿ ಇದಕ್ಕೆ ‘ಸರಾಸರಿಯತ್ತ ಮರಳುವಿಕೆ’ ಎನ್ನುತ್ತಾರೆ. ಬಹಳ ಎತ್ತರದ ತಂದೆತಾಯಿಯ ಮಕ್ಕಳು ಎತ್ತರವಾಗಿದ್ದರೂ ಸಾಮಾನ್ಯವಾಗಿ ಹೆತ್ತವರಷ್ಟು ಎತ್ತರ ಇರುವುದಿಲ್ಲ ಎಂಬುದನ್ನು ಬ್ರಿಟನ್ನಿನ ಫ್ರಾನ್ಸಿಸ್ ಗಾಲ್ಟನ್ 1886ರಲ್ಲೇ ಅಂಕಿಅಂಶಗಳಿಂದ ತೋರಿಸಿದ್ದ. ಈ ನಿಯಮ ನಮ್ಮನ್ನು ಹೇಗೆ ಏಮಾರಿಸುತ್ತದೆ ಎಂಬುದಕ್ಕೆ ಮನೋವಿಜ್ಞಾನಿ ಡೇನಿಯಲ್ ಕಾನಮನ್ ಇಸ್ರೇಲಿನ ವಾಯುಪಡೆಯ ಪ್ರಸಂಗವೊಂದನ್ನು ಹೇಳುತ್ತಿದ್ದರು. ಚೆನ್ನಾಗಿ ಹಾರಿಸಿದ ಪೈಲಟ್‌ನನ್ನು ಹೊಗಳಿದರೆ ಮುಂದಿನ ಸಲ ಹದಗೆಡಿಸುತ್ತಾನೆ, ಕೆಟ್ಟದಾಗಿ ಹಾರಿಸಿದವನನ್ನು ಬೈದರೆ ಸುಧಾರಿಸುತ್ತಾನೆ. ಆದ್ದರಿಂದ ಬೈಗುಳವೇ ಮೇಲು ಎಂದು ಅಲ್ಲಿನ ತರಬೇತುದಾರರೊಬ್ಬರು ವಾದಿಸಿದರಂತೆ. ಆದರೆ ತೀರಾ ಒಳ್ಳೆಯ ಹಾರಾಟದ ನಂತರ ಸಾಧಾರಣದ್ದು, ತೀರಾ ಕೆಟ್ಟದ್ದರ ನಂತರವೂ ಸಾಧಾರಣದ್ದೇ ಬರುತ್ತಿತ್ತು. ಅದು ಹೊಗಳಿಕೆಯ ಫಲವೂ ಅಲ್ಲ, ಬೈಗುಳದ ಫಲವೂ ಅಲ್ಲ.

ಕೋಚ್‌ಗಳ ವಜಾ ನಡೆಯುವುದೂ ತಂಡ ಪಾತಾಳ ಮುಟ್ಟಿದಾಗಲೇ. ಸತತ ಮೂರು ಪಂದ್ಯ ಗೆದ್ದ ಮರುದಿನ ಯಾರನ್ನೂ ಮನೆಗೆ ಕಳಿಸುವುದಿಲ್ಲ. ಹಾಗಾಗಿ ವಜಾ ಆದ ನಂತರದ ಚೇತರಿಕೆಯನ್ನಷ್ಟೇ ನೋಡಿದರೆ ಏನೂ ತಿಳಿಯದು. ಅಷ್ಟೇ ಕುಸಿದಿದ್ದರೂ ಕೋಚ್‌ನನ್ನು ಉಳಿಸಿಕೊಂಡ ತಂಡಗಳನ್ನು ಪಕ್ಕದಲ್ಲಿಟ್ಟು ಹೋಲಿಸಬೇಕು. ನೆದರ್‌ಲೆಂಡ್ಸ್‌ನ ಅರ್ಥಶಾಸ್ತ್ರಜ್ಞ ಬಾಸ್ ಟೆರ್ ವೀಲ್ ಮಾಡಿದ್ದು ಇದನ್ನೇ. ಡಚ್ ಲೀಗ್‌ನ 1986ರಿಂದ 2004ರವರೆಗಿನ ಫಲಿತಾಂಶಗಳನ್ನು ಜಾಲಾಡಿ, 2011ರಲ್ಲಿ ಅವರು ಪ್ರಕಟಿಸಿದ ಅಧ್ಯಯನದಲ್ಲಿ ಎರಡೂ ಗುಂಪುಗಳು ಒಂದೇ ರೀತಿ ಚೇತರಿಸಿಕೊಂಡಿದ್ದವು. ಬುಂಡೆಸ್‌ಲಿಗಾದ 1963ರಿಂದೀಚಿನ ದಾಖಲೆ ಹಿಡಿದು ಮ್ಯೂನ್‌ಸ್ಟರ್ ವಿಶ್ವವಿದ್ಯಾಲಯದ ಆಂಡ್ರಿಯಾಸ್ ಹಾಯರ್ ಮತ್ತು ಸಂಗಡಿಗರು ಅದೇ ವರ್ಷ ಕಂಡುಕೊಂಡದ್ದೂ ಬೇರೆಯಲ್ಲ: ಋತುವಿನ ನಡುವೆ ಕೋಚ್ ಬದಲಿಸಿದರೆ ತಂಡದ ಆಟದ ಮೇಲೆ ಹೇಳಿಕೊಳ್ಳುವಂಥ ಪರಿಣಾಮವಿಲ್ಲ.

ಹಾಗಾದರೆ ಹಿಂದೆ ಗೆದ್ದವರನ್ನು ಸದಾ ಉಳಿಸಿಕೊಳ್ಳಬೇಕೆ? ಇಲ್ಲೇ ಅಭಿಮಾನಿಗಳು ಎಡವುವುದು. ಸರಾಸರಿಯ ನಿಯಮ ಸೋಲಿಗೆ ಮಾತ್ರ ಅನ್ವಯಿಸಿ, ಗೆಲುವನ್ನು ಬಿಟ್ಟುಬಿಡುವುದಿಲ್ಲ. ಇಂಗ್ಲೆಂಡಿನ ಲೆಸ್ಟರ್ ಸಿಟಿ 2015–16ರಲ್ಲಿ ಪ್ರೀಮಿಯರ್ ಲೀಗ್ ಗೆದ್ದಾಗ ಕೋಚ್ ಕ್ಲಾಡಿಯೊ ರನಿಯೇರಿ ದಂತಕಥೆಯಾದರು. ಋತುವಿನ ಆರಂಭದಲ್ಲಿ ಆ ಗೆಲುವಿಗೆ ಬಾಜಿ ಕಂಪನಿಗಳು ಕೊಟ್ಟಿದ್ದ ದರ ಒಂದಕ್ಕೆ ಐದು ಸಾವಿರ. ಅಂಥ ವರ್ಷದಲ್ಲಿ ಕೌಶಲದ ಜೊತೆ ಅದೃಷ್ಟವೂ ಕೈಹಿಡಿದಿರಲೇಬೇಕು. ಮರುವರ್ಷ ಮಧ್ಯಮೈದಾನದ ಆಧಾರಸ್ತಂಭ ಎನ್ಗೊಲೊ ಕಾಂಟೆ ಚೆಲ್ಸಿಗೆ ಹೋದರು. ತಂಡ 25 ಪಂದ್ಯಗಳಲ್ಲಿ 21 ಅಂಕ ಗಳಿಸಿ 17ನೇ ಸ್ಥಾನಕ್ಕಿಳಿಯಿತು. 2017ರ ಫೆಬ್ರುವರಿಯಲ್ಲಿ ರನಿಯೇರಿ ಹೊರಬಿದ್ದರು. ಅವರ ಸಹಾಯಕ ಕ್ರೇಗ್ ಶೇಕ್ಸ್‌ಪಿಯರ್ ಹೊಣೆ ಹೊತ್ತು ಮೊದಲ ಐದು ಲೀಗ್ ಪಂದ್ಯ ಗೆದ್ದರು. ತಂಡ 12ನೇ ಸ್ಥಾನಕ್ಕೇರಿತು. ವಜಾ ಮಾಡಿದ್ದೇ ಸರಿ ಎಂದಿರಾ? ಅದೇ ವರ್ಷದ ಅಕ್ಟೋಬರ್‌ನಲ್ಲಿ, ಹೊಸ ಋತುವಿನ ಎಂಟು ಲೀಗ್ ಪಂದ್ಯಗಳಲ್ಲಿ ಒಂದನ್ನೇ ಗೆದ್ದಿದ್ದ ಶೇಕ್ಸ್‌ಪಿಯರ್ ಕೂಡ ವಜಾ ಆದರು.

ಉಳಿಸಿಕೊಂಡು ಕೆಟ್ಟ ಕ್ಲಬ್ಬೂ ಇದೆ. ಬ್ರಯನ್ ಕ್ಲಫ್ ನಾಟಿಂಗ್‌ಹ್ಯಾಮ್ ಫಾರೆಸ್ಟ್ ತಂಡಕ್ಕೆ 1978ರಲ್ಲಿ ಲೀಗ್, 1979 ಮತ್ತು 1980ರಲ್ಲಿ ಯುರೋಪಿಯನ್ ಕಪ್ ಗೆಲ್ಲಿಸಿಕೊಟ್ಟವರು. 1992ರಲ್ಲಿ ರಕ್ಷಕ ಡೆಸ್ ವಾಕರ್ ಮತ್ತು ಮುನ್ಪಡೆಯ ಟೆಡ್ಡಿ ಶೆರಿಂಗ್‌ಹ್ಯಾಮ್ ತಂಡ ತೊರೆದರು. ಆ ಜಾಗ ಸರಿಯಾಗಿ ತುಂಬಲಿಲ್ಲ. ಕ್ಲಫ್ ಅವರ ಆರೋಗ್ಯವೂ ಕೈಕೊಟ್ಟಿತ್ತು. ಗೌರವದಿಂದ ಯಾರೂ ಅವರನ್ನು ಕದಲಿಸಲಿಲ್ಲ. 1993ರಲ್ಲಿ ಫಾರೆಸ್ಟ್ ಪಟ್ಟಿಯ ತಳದಲ್ಲಿ ನಿಂತು ಕೆಳಗಿನ ವಿಭಾಗಕ್ಕೆ ಜಾರಿತು. ಇಲ್ಲಿ ಸರಾಸರಿಗೆ ಮರಳುವ ಮಾತೇ ಇರಲಿಲ್ಲ, ಏಕೆಂದರೆ ಸರಾಸರಿಯೇ ಕುಸಿದಿತ್ತು.

ದುರದೃಷ್ಟವನ್ನೂ ನಿಜವಾದ ಕುಸಿತವನ್ನೂ ಬೇರ್ಪಡಿಸುವ ಉಪಕರಣ ಈಗ ನಮ್ಮ ಬಳಿ ಇದೆ. ಅದೇ ‘ನಿರೀಕ್ಷಿತ ಗೋಲು’. ಹಳೆಯ ಸಾವಿರಾರು ಹೊಡೆತಗಳನ್ನು ಆಧರಿಸಿ, ಗುರಿಯಿಂದ ಎಷ್ಟು ದೂರ, ಯಾವ ಕೋನ, ತಲೆಯಿಂದಲೋ ಕಾಲಿನಿಂದಲೋ ಎಂಬುದನ್ನು ನೋಡಿ ಪ್ರತಿ ಹೊಡೆತಕ್ಕೂ 0ಯಿಂದ 1ರ ನಡುವೆ ಬೆಲೆ ಕಟ್ಟುತ್ತಾರೆ. ಪೆನಾಲ್ಟಿ ಒದೆತಗಳು ನಾಲ್ಕರಲ್ಲಿ ಸುಮಾರು ಮೂರು ಗೋಲಾಗುವುದರಿಂದ ಅದರ ಬೆಲೆ 0.75ರ ಆಸುಪಾಸು. ತಂಡ ಸೃಷ್ಟಿಸಿದ ಅವಕಾಶಗಳ ಮೊತ್ತ, ಎದುರಾಳಿಗೆ ಬಿಟ್ಟುಕೊಟ್ಟ ಅವಕಾಶಗಳ ಮೊತ್ತ ಎರಡನ್ನೂ ಹತ್ತಿಪ್ಪತ್ತು ಪಂದ್ಯಗಳಿಗೆ ಕೂಡಿಸಿ ನೋಡಿದರೆ, ಗೋಲುಗಳ ಎಣಿಕೆಗಿಂತ ಮುಂದಿನ ದಿನಗಳ ಸುಳಿವು ಚೆನ್ನಾಗಿ ಸಿಗುತ್ತದೆ.

ಇಂಥದೇ ವಿಶ್ಲೇಷಣೆ ಕ್ಲಾಪ್ ಅವರ ಪಾಲಿಗೆ ವರವಾಯಿತು. ಕೇಂಬ್ರಿಜ್‌ನಲ್ಲಿ ಭೌತವಿಜ್ಞಾನದ ಡಾಕ್ಟರೇಟ್ ಪಡೆದು ಲಿವರ್‌ಪೂಲ್ ಕ್ಲಬ್ ಸೇರಿದ್ದ ಇಯಾನ್ ಗ್ರಹಾಂ, ಡಾರ್ಟ್‌ಮಂಡ್‌ನ ಆ ಕೆಟ್ಟ ಋತುವಿನ ಪಂದ್ಯಗಳನ್ನು ತಮ್ಮ ಗಣಿತ ಮಾದರಿಗೆ ಒಡ್ಡಿದರು. ದೋಷ ಕೋಚ್‌ನದಲ್ಲ, ಅದು ಇತ್ತೀಚಿನ ವರ್ಷಗಳ ಅತ್ಯಂತ ಅದೃಷ್ಟಗೇಡಿ ತಂಡಗಳಲ್ಲೊಂದು ಎಂಬ ತೀರ್ಮಾನಕ್ಕೆ ಬಂದರು. ಅಷ್ಟರಲ್ಲಿ ಡಾರ್ಟ್‌ಮಂಡ್ ಬಿಟ್ಟಿದ್ದ ಕ್ಲಾಪ್ ಅವರನ್ನು 2015ರ ಅಕ್ಟೋಬರ್‌ನಲ್ಲಿ ಲಿವರ್‌ಪೂಲ್ ಕರೆತಂದಿತು. 2019ರಲ್ಲಿ ಚಾಂಪಿಯನ್ಸ್ ಲೀಗ್, 2020ರಲ್ಲಿ 30 ವರ್ಷಗಳ ಬಳಿಕ ಲೀಗ್ ಪ್ರಶಸ್ತಿ ಬಂದವು.

ಬೆಂಗಳೂರಿನ ಅಭಿಮಾನಿಗಳಿಗೂ ಈ ಚರ್ಚೆ ಹೊಸದಲ್ಲ. 2019ರಲ್ಲಿ ಬೆಂಗಳೂರು ಎಫ್‌ಸಿಗೆ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಕಿರೀಟ ತೊಡಿಸಿದ ಕೋಚ್ ಕಾರ್ಲೆಸ್ ಕ್ವಾಡ್ರಾಟ್, 2021ರ ಜನವರಿಯಲ್ಲಿ ಸೋಲುಗಳ ಸರಣಿಯ ಬಳಿಕ ತಂಡ ಬಿಡಬೇಕಾಯಿತು. ಆ ಋತುವನ್ನು ತಂಡ ಏಳನೇ ಸ್ಥಾನದಲ್ಲಿ ಮುಗಿಸಿತು.

ಆದ್ದರಿಂದ ಕ್ಲಬ್ ಮಾಲೀಕರಿಗೆ ವಿಜ್ಞಾನದ ಸಲಹೆ ಇಷ್ಟು. ಕಪಾಟಿನಲ್ಲಿರುವ ಹಳೆಯ ಕಪ್‌ಗಳನ್ನು ನೋಡಿ ಕೋಚ್‌ನನ್ನು ಉಳಿಸಿಕೊಳ್ಳಬೇಡಿ, ಕಳೆದ ಐದು ಸೋಲು ನೋಡಿ ಓಡಿಸಲೂ ಬೇಡಿ. ತಂಡ ಇಂದಿಗೂ ಎದುರಾಳಿಗಿಂತ ಹೆಚ್ಚು ಅವಕಾಶ ಸೃಷ್ಟಿಸುತ್ತಿದ್ದರೆ ತಾಳ್ಮೆಯಿಂದ ಕಾಯಿರಿ. ಅವಕಾಶಗಳೇ ತಿಂಗಳುಗಟ್ಟಲೆ ಬತ್ತುತ್ತಿದ್ದರೆ, ಒಳ್ಳೆಯ ಆಟಗಾರರು ಹೋಗಿದ್ದಾರೆಯೇ ಎಂದು ಮೊದಲು ವಿಚಾರಿಸಿ. ಆಟಗಾರರಿದ್ದೂ ಆಟ ಬತ್ತಿದ್ದರೆ, ಕೋಚ್ ಎಷ್ಟೇ ದೊಡ್ಡವರಾಗಲಿ, ಗೌರವದಿಂದ ಬೀಳ್ಕೊಡಿ.