ಕಟ್ಟಡ ತ್ಯಾಜ್ಯ ಸಾಗಣೆ: ಪರವಾನಗಿ ಮತ್ತು ವಿಮೆ

ಕೆಡವಿದ ಕಟ್ಟಡಗಳ ಇಟ್ಟಿಗೆ, ಗಾರೆ, ಕಾಂಕ್ರೀಟ್ ಸಾಗಿಸುವ ಉದ್ಯಮಕ್ಕೆ ಇಳಿಯುವವರಲ್ಲಿ ಅನೇಕರು ಮೊದಲು ಟಿಪ್ಪರ್ ಕೊಳ್ಳುತ್ತಾರೆ. ಕಾಗದಪತ್ರಗಳ ಚಿಂತೆ ಆಮೇಲೆ. ವಾಹನದ ನೋಂದಣಿ, ಅರ್ಹತಾ ಪತ್ರ, ವಿಮೆ ಕ್ರಮಬದ್ಧವಾಗಿದ್ದರೆ ಉದ್ಯಮವೂ ಸುರಕ್ಷಿತವೆಂಬ ಭಾವನೆ ಇದಕ್ಕೆ ಕಾರಣ. ಅದು ಅರ್ಧ ಸತ್ಯ ಮಾತ್ರ.

1988ರ ಮೋಟಾರು ವಾಹನಗಳ ಕಾಯ್ದೆಯ 146ನೇ ಪ್ರಕರಣದಂತೆ ಮೂರನೇ ವ್ಯಕ್ತಿ ವಿಮೆ ಕಡ್ಡಾಯ. ಸರಕು ಸೇರಿ ಒಟ್ಟು ತೂಕ 3,000 ಕಿಲೋ ಮೀರುವ ವಾಹನಕ್ಕೆ ಪರ್ಮಿಟ್ ಸಹ ಬೇಕು. ಆದರೆ ಈ ವಿಮೆಯ ವ್ಯಾಪ್ತಿ ವಾಹನದ ಬಳಕೆಯಿಂದಾಗುವ ಅಪಘಾತಗಳಿಗೆ ಸೀಮಿತ. ಕೆಡವುವ ಕೆಲಸವನ್ನೂ ಒಪ್ಪಿಕೊಂಡ ಸಾಗಣೆದಾರನ ಕೂಲಿಯಾಳು ಗೋಡೆ ಕುಸಿದು ಗಾಯಗೊಂಡರೆ, ಅಥವಾ ಪಕ್ಕದ ಮನೆಯ ಕಾಂಪೌಂಡು ಉರುಳಿದರೆ, ವಾಹನದ ಪಾಲಿಸಿ ನೆರವಿಗೆ ಬಾರದು. ಮೊದಲನೆಯದಕ್ಕೆ ನೌಕರರ ಪರಿಹಾರ ವಿಮೆ, ಎರಡನೆಯದಕ್ಕೆ ಸಾರ್ವಜನಿಕ ಹೊಣೆಗಾರಿಕೆ ವಿಮೆ ಪ್ರತ್ಯೇಕವಾಗಿ ಪಡೆಯತಕ್ಕದ್ದು. 1923ರ ಕಾಯ್ದೆಯಲ್ಲಿದ್ದ ನೌಕರರ ಪರಿಹಾರದ ಹೊಣೆಯು 2025ರ ನವೆಂಬರ್ 21ರಿಂದ 2020ರ ಸಾಮಾಜಿಕ ಭದ್ರತಾ ಸಂಹಿತೆಗೆ ಸೇರಿದೆ. ಆಳು ದಿನಗೂಲಿಯವನೆಂಬ ಮಾತ್ರಕ್ಕೆ ಮಾಲೀಕನ ಹೊಣೆ ತಪ್ಪದು. ಕಂತಿನ ಹಣ ಉಳಿಸಹೋಗಿ ಟಿಪ್ಪರನ್ನೇ ಮಾರಬೇಕಾದ ಸಂದರ್ಭ ಒದಗುವುದು ಇಲ್ಲಿಯೇ.

ಮಿತಿ ಮೀರಿದ ಭಾರಕ್ಕೆ 2019ರ ತಿದ್ದುಪಡಿಯ ನಂತರ 20,000 ರೂಪಾಯಿ ದಂಡ. ಹೆಚ್ಚುವರಿ ಪ್ರತಿ ಟನ್ನಿಗೆ ಮತ್ತೆ 2,000. ಮಳೆಯಲ್ಲಿ ನೆನೆದ ಗಾರೆಮಣ್ಣಿನ ತೂಕ ಕಣ್ಣಳತೆಗೆ ಸಿಗುವುದಿಲ್ಲ. ಟ್ರಿಪ್ಪಿನ ಲೆಕ್ಕಕ್ಕಿಂತ ಟನ್ನಿನ ಲೆಕ್ಕದ ಬಾಡಿಗೆ ಮೇಲು.

ಸ್ಥಳೀಯ ಸಂಸ್ಥೆಯ ಉದ್ದಿಮೆ ಪರವಾನಗಿ, ಸುರಿಯುವ ಜಾಗದ ಅನುಮತಿಗಳ ಬಗೆಗೂ ಎಚ್ಚರ ಅಗತ್ಯ. ಬೆಂಗಳೂರಿನಲ್ಲಿ ಬಿಬಿಎಂಪಿಯ ಬದಲು 2025ರ ಸೆಪ್ಟೆಂಬರಿನಿಂದ ಐದು ಪಾಲಿಕೆಗಳಿರುವುದರಿಂದ ಕೆಲಸದ ಸ್ಥಳ ಯಾವುದಕ್ಕೆ ಸೇರಿದೆಯೆಂದು ಮೊದಲೇ ತಿಳಿಯಬೇಕು. 2016ರ ಕಟ್ಟಡ ತ್ಯಾಜ್ಯ ನಿಯಮಗಳು ದಿನಕ್ಕೆ 20 ಟನ್ ಅಥವಾ ತಿಂಗಳಿಗೆ 300 ಟನ್ ತ್ಯಾಜ್ಯ ಹೊರಡಿಸುವವರು ಅದನ್ನು ವಿಂಗಡಿಸಬೇಕೆಂದು ವಿಧಿಸಿದ್ದವು. ಅವುಗಳ ಸ್ಥಾನಕ್ಕೆ 2025ರಲ್ಲಿ ಪ್ರಕಟವಾದ ಹೊಸ ನಿಯಮಗಳ ಜಾರಿಗೆ 2026ರ ಏಪ್ರಿಲ್ 1 ನಿಗದಿಯಾಯಿತು. ಇವುಗಳಂತೆ 20,000 ಚದರ ಮೀಟರ್ ಮತ್ತು ಮೇಲ್ಪಟ್ಟ ನಿರ್ಮಾಣಗಳ ಮಾಲೀಕರು ತ್ಯಾಜ್ಯದ ಮರುಬಳಕೆಗೆ ಹೊಣೆಗಾರರು. ಸಹಜವಾಗಿಯೇ ಅವರು ಸಾಗಣೆದಾರನಿಂದ ತೂಕದ ಚೀಟಿ, ಸಂಸ್ಕರಣಾ ಘಟಕದ ರಸೀತಿ ಕೇಳುವರು. ಕೆರೆಯಂಚಿನಲ್ಲಿ ಸುರಿದು ಬರುವವನ ಬಳಿ ಇವೆರಡೂ ಇರುವುದಿಲ್ಲ.

ಪಾಯದಿಂದ ತೆಗೆದ ಮಣ್ಣಿನ ವಿಚಾರ ಬೇರೆ. ಕಟ್ಟಡ, ರಸ್ತೆಗಳ ಭರ್ತಿಗೆ ಬಳಸುವ ಸಾಮಾನ್ಯ ಮಣ್ಣನ್ನು ಕೇಂದ್ರ ಸರ್ಕಾರ 2000ದಲ್ಲಿಯೇ ಉಪಖನಿಜವೆಂದು ಘೋಷಿಸಿದೆ. ಅದನ್ನು ಬೇರೆಡೆ ಮಾರುವ ಮುನ್ನ ರಾಜಧನ ಮತ್ತು ಸಾಗಣೆ ಅನುಮತಿಯ ಕುರಿತು ಗಣಿ ಮತ್ತು ಭೂವಿಜ್ಞಾನ ಇಲಾಖೆಯಲ್ಲಿ ವಿಚಾರಿಸುವುದು ಲೇಸು.