ಹೊಲ ರೈತನದು, ಹಂದಿ ಯಾರದು?

ಸ್ವಂತ ಹೊಲಕ್ಕೆ ನುಗ್ಗಿದ ಕಾಡುಹಂದಿಯನ್ನು ಹೊಡೆಯಲು ರೈತನಿಗೆ ಸರಕಾರದ ಅಪ್ಪಣೆ ಏಕೆ ಬೇಕು? ವಿದ್ಯಾರ್ಥಿಗಳು ನಮ್ಮನ್ನು ಕೇಳುವ ಈ ಪ್ರಶ್ನೆ ನ್ಯಾಯವಾದುದೇ. ಲಕ್ಷ್ಮೀನಗರದ ಬೀದಿಗಳಲ್ಲಿ ಬೆಳೆದವರಿಗೆ ಹಂದಿಯ ಹಾವಳಿ ತಿಳಿಯದು. ಆದರೆ ನಾಗಪುರವನ್ನು ದಾಟಿ ಉಮರೇಡದ ಕಡೆಗೆ ಹೋದರೆ, ಕಡಲೆ ತೊಗರಿಗಳ ಹೊಲಗಳಲ್ಲಿ ರಾತ್ರಿಯಿಡೀ ಕಾವಲು ಕಾಯುವ ಒಕ್ಕಲಿಗರನ್ನು ಕಾಣಬಹುದು. ಹಂದಿಯ ಹಿಂಡೂ, ಇಲ್ಲಿಯವರು ರೋಹಿ ಎನ್ನುವ ನೀಲಗಾಯಿಯೂ ಒಂದೇ ಇರುಳಿನಲ್ಲಿ ತಿಂಗಳುಗಳ ದುಡಿಮೆಯನ್ನು ಮಣ್ಣುಪಾಲು ಮಾಡಬಲ್ಲವು.

ಬೇಸತ್ತ ಕೆಲವರು ಬೇಲಿಯ ತಂತಿಗೆ ಕದ್ದು ವಿದ್ಯುತ್ತನ್ನು ಹರಿಸುತ್ತಾರೆ. ತಂತಿಗೆ ಹಂದಿ ಯಾವುದು, ಹುಲಿ ಯಾವುದು, ಮನುಷ್ಯನು ಯಾರು ಎಂಬ ಭೇದವಿಲ್ಲ. ಪ್ರಸಿದ್ಧ ಹುಲಿ ‘ಜಯ್’ನ ಮರಿಯಾದ ‘ಶ್ರೀನಿವಾಸ’ನು 2017ರ ಏಪ್ರಿಲಿನಲ್ಲಿ ಚಂದ್ರಪುರ ಜಿಲ್ಲೆಯ ನಾಗಭೀಡದ ಬಳಿ ಇಂತಹ ತಂತಿಗೆ ಸಿಕ್ಕಿಯೇ ಸತ್ತನು.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ 9ನೆಯ ಕಲಮು ಬೇಟೆಯನ್ನು ನಿಷೇಧಿಸುತ್ತದೆ. ಭೂಮಿ ಯಾರದೆಂದು ಅದು ನೋಡುವುದಿಲ್ಲ. ರೈತನಿಗೆ ದಾರಿ ತೆರೆಯುವುದು 11ನೆಯ ಕಲಮು. ಎರಡನೆಯ ಅನುಸೂಚಿಯಲ್ಲಿರುವ ಹಂದಿ, ನೀಲಗಾಯಿಗಳಂತಹ ಪ್ರಾಣಿಗಳು ಜನರ ಪ್ರಾಣಕ್ಕಾಗಲಿ ನಿಂತ ಬೆಳೆಗಾಗಲಿ ಅಪಾಯವೆಂದು ಮನವರಿಕೆಯಾದರೆ, ರಾಜ್ಯದ ಮುಖ್ಯ ವನ್ಯಜೀವಿ ಪಾಲಕರು ಅಥವಾ ಅವರಿಂದ ಅಧಿಕಾರ ಪಡೆದ ಅಧಿಕಾರಿ ಬೇಟೆಗೆ ಅನುಮತಿ ಕೊಡಬಹುದು. ಆ ಆಜ್ಞೆ ಲಿಖಿತವಾಗಿರಬೇಕು, ಕಾರಣವನ್ನು ಹೇಳಬೇಕು, ಗೊತ್ತಾದ ಪ್ರದೇಶಕ್ಕೆ ಸೀಮಿತವಾಗಿರಬೇಕು. ಬಾಯಿಮಾತಿನ ಒಪ್ಪಿಗೆ ಒಪ್ಪಿಗೆಯಲ್ಲ. ಮೊದಲ ಅನುಸೂಚಿಯ ಹುಲಿ, ಕೃಷ್ಣಮೃಗಗಳಿಗೆ ಬೆಳೆನಾಶದ ಕಾರಣ ಸಲ್ಲದು. ಕೃಷ್ಣಮೃಗವು ಬೆಳೆಯನ್ನು ಮೇಯದೆಂದಲ್ಲ, ಅದು ಅಪರೂಪವೆಂದು. ಹೊಟ್ಟೆಪಾಡಿನ ರೈತನಿಗೆ ಇದು ಕಠಿನವೆಂದು ನಮಗೂ ತೋರುತ್ತದೆ. ಬೆಳೆಹಾನಿಗೆ ಸರಕಾರ ಪರಿಹಾರ ಕೊಡುತ್ತದೆ. ಅದಕ್ಕಾಗಿ ಅವನು ಅಲೆಯದಂತೆ ನೋಡಿಕೊಳ್ಳುವುದೂ ಕಾಯಿದೆಯಷ್ಟೇ ಮುಖ್ಯ.

ಕೊಡಗಿನವರು ಪರವಾನಗಿಯಿಲ್ಲದೆ ಕೋವಿ ಇಟ್ಟುಕೊಳ್ಳುತ್ತಾರಲ್ಲ ಎಂದು ಕೆಲವರು ಕೇಳುವುದುಂಟು. ನಿಜ, ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಆ ವಿನಾಯಿತಿಯಿದೆ. 2019ರಲ್ಲಿ ಕೇಂದ್ರ ಸರಕಾರ ಅದನ್ನು 2029ರವರೆಗೆ ವಿಸ್ತರಿಸಿತು. ಆದರೆ ಅದು ಕೋವಿಗೆ ಮಾತ್ರ. ಆ ಕೋವಿಯಿಂದ ತಮ್ಮ ತೋಟದ ಹಂದಿಯನ್ನು ಹೊಡೆಯಲು ಅವರಿಗೂ ಅಪ್ಪಣೆ ಬೇಕು.

ಅಪ್ಪಣೆ ದೊರೆತು ಹಂದಿಯನ್ನು ಹೊಡೆದರೂ ಅದು ರೈತನದಾಗದು. 39ನೆಯ ಕಲಮಿನಂತೆ, 11ನೆಯ ಕಲಮಿನ ಅನುಮತಿಯಿಂದ ಕೊಂದ ಪ್ರಾಣಿಯೂ ರಾಜ್ಯ ಸರಕಾರದ ಸ್ವತ್ತು.